ಸ್ಟುಡಿಯೊ ಹುಡುಗನ ಗ್ಯಾಲಕ್ಸಿ

ಅಕ್ಟೋಬರ್ ಬಂತೆಂದರೆ ನಮ್ಮ ಸೊಸೈಟಿಯ ವಾಚ್‌ಮನ್‌ ಹತ್ತಿರ ನಾನು ಟೆರೇಸಿನ ಬೀಗದ ಕೈ ಕೇಳುತ್ತೇನೆ. ಡೊಂಬಿವಲಿಯಲ್ಲಿ ನವರಾತ್ರಿಯ ಗದ್ದಲ ಮುಗಿದು, ಮಳೆ ಹಿಂದೆ ಸರಿದು, ಆಕಾಶ ಒಂದಿಷ್ಟು ತೊಳೆದಂತೆ ಕಾಣುವ ದಿನಗಳು ಅವು. ಟ್ರೈಪಾಡು, ಸಣ್ಣ ದೂರದರ್ಶಕ, ಕ್ಯಾಮೆರಾ, ಲ್ಯಾಪ್‌ಟಾಪು, ಮೂವತ್ತು ಅಡಿ ವೈರು ಹೊತ್ತು ಮೇಲೆ ಹೋಗುವ ನನ್ನನ್ನು ನೋಡಿ ಪಕ್ಕದ ವಿಂಗಿನವರು ಬಹಳ ದಿನ ಡಿಶ್ ರಿಪೇರಿಯವನೆಂದೇ ತಿಳಿದಿದ್ದರು.

ನನಗೆ ಬೇಕಾಗಿದ್ದುದು ಧನು ರಾಶಿಯಲ್ಲಿರುವ ಎನ್‌ಜಿಸಿ 6822. ಇದು ಸಣ್ಣ ಗ್ಯಾಲಕ್ಸಿ. ಆಂಡ್ರೊಮಿಡಾದಂತೆ ಸುರುಳಿ ಇಲ್ಲ, ಕ್ಯಾಲೆಂಡರಿನಲ್ಲಿ ಹಾಕುವಂಥ ಚೆಲುವೂ ಇಲ್ಲ. ಅರ್ಧ ಚಂದ್ರಬಿಂಬದಷ್ಟು ಅಗಲಕ್ಕೆ ಚೆಲ್ಲಿದ ಮಾಸಲು ಬೆಳಕು, ಅಷ್ಟೆ. ಅದರ ತೊಂದರೆಯೆಂದರೆ, ಜುಲೈ ತಿಂಗಳ ನಡುರಾತ್ರಿಯಲ್ಲಿ ಅದು ಅತ್ಯಂತ ಎತ್ತರದಲ್ಲಿರುತ್ತದೆ. ಆಗ ಕಲ್ಯಾಣ, ಠಾಣೆಯವರಿಗೆ ಆಕಾಶ ಇದೆಯೆಂಬುದೇ ಮರೆತುಹೋಗಿರುತ್ತದೆ. ಮಳೆ ನಿಂತ ಮೇಲೆ ಸಂಜೆಯಲ್ಲಿ ಎರಡು ತಾಸು ಸಿಗುತ್ತದೆ. ಆಮೇಲೆ ಅದು ನೈಋತ್ಯಕ್ಕೆ ಇಳಿದು ಐರೋಲಿ, ಮಹಾಪೆ ಕಡೆಯ ಬೆಳಕಿನ ಮಬ್ಬಿನಲ್ಲಿ ಕರಗಿಹೋಗುತ್ತದೆ. ಹಗಲಿಡೀ ನಾನು ಕೆಲಸ ಮಾಡುವ ಆಫೀಸಿನ ದೀಪಗಳೂ ಆ ಮಬ್ಬಿನಲ್ಲಿ ಸೇರಿವೆ.

ಎರಡು ವರ್ಷದ ಹಿಂದೆ ಅಪ್ಪ ನಮ್ಮ ಜೊತೆ ಇರಲು ಬಂದರು. ರಾಣೆಬೆನ್ನೂರಿನಲ್ಲಿ ಅವರದು ಫೋಟೊ ಸ್ಟುಡಿಯೊ. ಮದುವೆ, ಪಾಸ್‌ಪೋರ್ಟ್ ಸೈಜು, ಸತ್ತವರ ಕೊನೆಯ ಫೋಟೊ, ಎಲ್ಲವನ್ನೂ ತೆಗೆದು, ಕತ್ತಲೆ ಕೋಣೆಯಲ್ಲಿ ತೊಳೆದು, ನೆಗೆಟಿವ್‌ಗಳಿಗೆ ಪೆನ್ಸಿಲಿನಲ್ಲಿ ರಿಟಚ್ ಮಾಡಿ ನಮ್ಮನ್ನು ಓದಿಸಿದವರು. ಡಿಜಿಟಲ್ ಬಂದ ಮೇಲೆ ಅಂಗಡಿ ಮುಚ್ಚಿತು. ಈಗ ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾರೆ, ಇನ್ನೊಂದರಲ್ಲಿ ದೃಷ್ಟಿ ಕಡಿಮೆಯಾಗುತ್ತಲೇ ಇದೆ. ನಾಲ್ಕು ತಾಸು ಹಿಡಿಯುವ ಫೋಟೊ ಯಾವುದಪ್ಪಾ ಎಂದು ಅವರು ಕೇಳಿದ್ದಕ್ಕೆ, ಆ ಗ್ಯಾಲಕ್ಸಿಯನ್ನು ಮೊದಲು ಕಂಡವನ ಕಥೆಯನ್ನು ಊಟವಾದ ಮೇಲೆ ಕಂತು ಕಂತಾಗಿ ಹೇಳಿದೆ. ಅವನೂ ಒಬ್ಬ ಸ್ಟುಡಿಯೊ ಹುಡುಗನೇ.

ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಹುಟ್ಟಿದ್ದು 1857ರ ಡಿಸೆಂಬರ್ 16ರಂದು, ಅಮೆರಿಕದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದ. ಸ್ವಲ್ಪ ವರ್ಷಕ್ಕೇ ಅಲ್ಲಿ ಅಂತರ್ಯುದ್ಧ, ಅದರ ಹಿಂದೆಯೇ ಕಾಲರಾ. ಹುಡುಗನಿಗೂ ಕಾಲರಾ ಬಂದು ಹೇಗೋ ಉಳಿದುಕೊಂಡ. ಶಾಲೆ ಕಂಡದ್ದು ಎರಡು ತಿಂಗಳು ಮಾತ್ರ, ಉಳಿದ ಓದು ತಾಯಿಯ ಹತ್ತಿರ. ಒಂಬತ್ತು ವರ್ಷಕ್ಕೆ ಊರಿನ ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿಸಿದರು.

ಆಗ ವಿದ್ಯುತ್ ದೀಪವಿಲ್ಲ. ನೆಗೆಟಿವಿನಿಂದ ದೊಡ್ಡ ಪ್ರಿಂಟ್ ಮಾಡಲು ಬಿಸಿಲೇ ಬೇಕು. ಸ್ಟುಡಿಯೊದ ಮಾಳಿಗೆಯ ಮೇಲೆ ದೈತ್ಯಾಕಾರದ ಒಂದು ಎನ್‌ಲಾರ್ಜರ್ ಇತ್ತು, ಅದಕ್ಕೆ ಗುರುಗ್ರಹದ ಹೆಸರಿಟ್ಟಿದ್ದರು. ಸೂರ್ಯ ಸರಿದಂತೆಲ್ಲ ಚಕ್ರ ತಿರುಗಿಸಿ ಅದನ್ನು ಸೂರ್ಯನ ಕಡೆಗೇ ಹಿಡಿದಿಡಬೇಕು. ಹಿಂದಿನ ಹುಡುಗರು ಬಿಸಿಲಿಗೆ ತೂಕಡಿಸಿ ಕೆಲಸ ಕೆಡಿಸಿದ್ದರು. ಈ ಹುಡುಗ ತೂಕಡಿಸಲಿಲ್ಲ. ವರ್ಷಗಟ್ಟಲೆ ಸೂರ್ಯನನ್ನು ಹಿಂಬಾಲಿಸುತ್ತಾ, ಮಧ್ಯಾಹ್ನದ ಗಂಟೆ ಹೊಡೆದಾಗ ಸೂರ್ಯ ದಿನವೂ ಅದೇ ಜಾಗದಲ್ಲಿ ಇರುವುದಿಲ್ಲ, ಕೆಲವು ತಿಂಗಳು ಮುಂದೆ, ಕೆಲವು ತಿಂಗಳು ಹಿಂದೆ ಎಂಬುದನ್ನು ತಾನಾಗಿಯೇ ಗಮನಿಸಿದ. ಪುಸ್ತಕದಲ್ಲಿ ಅದಕ್ಕೊಂದು ಹೆಸರಿದೆಯೆಂಬುದು ಅವನಿಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಇಲ್ಲಿಗೆ ಬಂದಾಗ ಅಪ್ಪ ಎದ್ದು ಕುಳಿತರು. ಬಿಸಿಲಿನ ಲೆಕ್ಕ ಅವರಿಗೂ ಗೊತ್ತಿದ್ದ ವಿದ್ಯೆ.

ಇಂದು ನಾವು ಗೈಡಿಂಗ್ ಎನ್ನುವುದು ಅದನ್ನೇ. ಭೂಮಿ ತಿರುಗುತ್ತಿರುತ್ತದೆ, ನಕ್ಷತ್ರ ಸರಿಯುತ್ತಿರುತ್ತದೆ, ಕ್ಯಾಮೆರಾ ಅದರ ಜೊತೆಗೇ ಸರಿಯಬೇಕು. ನನಗೆ ಆ ಕೆಲಸವನ್ನು ಒಂದು ಸಣ್ಣ ಮೋಟರು ಮತ್ತು ಒಂದು ಉಚಿತ ಸಾಫ್ಟ್‌ವೇರು ಮಾಡಿಕೊಡುತ್ತವೆ. ಬರ್ನಾರ್ಡ್ ಮುಂದೆ ಅದನ್ನು ರಾತ್ರಿಗಟ್ಟಲೆ ತನ್ನ ಕಣ್ಣು, ಕೈಗಳಿಂದಲೇ ಮಾಡಿದ.

ಸುಮಾರು ಹತ್ತೊಂಬತ್ತರ ವಯಸ್ಸಿನಲ್ಲಿ ಅವನಿಗೆ ಒಂದು ಖಗೋಳದ ಪುಸ್ತಕ ಸಿಕ್ಕಿತು. ಸಾಲ ಪಡೆದವನೊಬ್ಬ ಅಡವು ಎಂದು ಬಿಟ್ಟುಹೋದ ಪುಸ್ತಕ. ಬಾಲ್ಯದಲ್ಲಿ ಬೇಸಿಗೆಯ ರಾತ್ರಿ ಮಲಗಿ ನೋಡುತ್ತಿದ್ದ, ನೆತ್ತಿಯ ಮೇಲಿನ ಆ ಹೊಳೆಯುವ ಚುಕ್ಕೆಯ ಹೆಸರು ವೇಗಾ (ನಮ್ಮ ಅಭಿಜಿತ್) ಎಂದು ಅದರ ನಕ್ಷೆಯಿಂದ ತಿಳಿಯಿತು. ಆಮೇಲೆ ಅವನು 380 ಡಾಲರ್ ಕೊಟ್ಟು ಐದು ಇಂಚಿನ ದೂರದರ್ಶಕ ಕೊಂಡ. ಅದು ಅವನ ವರ್ಷದ ಗಳಿಕೆಯ ಮೂರನೇ ಎರಡು ಪಾಲು. ನಾನು ಎರಡು ತಿಂಗಳ ಸಂಬಳ ಸುರಿದು ಮೌಂಟ್ ಕೊಂಡಾಗ ಮನೆಯಲ್ಲಿ ಆದ ಮಾತುಕತೆ ನೆನೆದರೆ, ಇನ್ನೂ ತಾಯಿಯನ್ನು ಸಾಕುತ್ತಿದ್ದ ಆ ಹುಡುಗನ ಧೈರ್ಯ ದೊಡ್ಡದು.

1877ರಲ್ಲಿ ನ್ಯಾಶ್‌ವಿಲ್‌ನಲ್ಲಿ ವಿಜ್ಞಾನಿಗಳ ಸಮ್ಮೇಳನ ನಡೆಯಿತು. ಅಂದಿನ ದೊಡ್ಡ ಖಗೋಳಜ್ಞ ಸೈಮನ್ ನ್ಯೂಕೂಂಬ್ ಬಂದಿದ್ದರು. ಹುಡುಗ ಅವರ ಬಳಿ ಹೋಗಿ ತಾನೇನು ಮಾಡಬಹುದೆಂದು ಕೇಳಿದ. ಗಣಿತ ಬಾರದಿದ್ದರೆ ದೂರದರ್ಶಕ ಬದಿಗಿಟ್ಟು ಮೊದಲು ಗಣಿತ ಕಲಿಯಬೇಕು ಎಂಬ ಅರ್ಥದ ಉತ್ತರ ಸಿಕ್ಕಿತು. ಅವನು ಮರೆಗೆ ಹೋಗಿ ಅತ್ತನಂತೆ. ಆಮೇಲೆ ಮೇಷ್ಟರನ್ನು ಹುಡುಕಿ ಗಣಿತ ಕಲಿಯತೊಡಗಿದ. ದೂರದರ್ಶಕವನ್ನು ಮಾತ್ರ ಬದಿಗಿಡಲಿಲ್ಲ.

ಆ ಕಾಲದಲ್ಲಿ ಎಚ್. ಎಚ್. ವಾರ್ನರ್ ಎಂಬ ಔಷಧ ವ್ಯಾಪಾರಿ, ಅಮೆರಿಕದಲ್ಲಿ ಹೊಸ ಧೂಮಕೇತು ಕಂಡವರಿಗೆ 200 ಡಾಲರ್ ಬಹುಮಾನ ಕೊಡುತ್ತಿದ್ದ. ಬರ್ನಾರ್ಡ್ ರೋಡಾ ಕಾಲ್ವರ್ಟ್‌ಳನ್ನು 1881ರಲ್ಲಿ ಮದುವೆಯಾಗಿದ್ದ. ಸಾಲ ಮಾಡಿ ಮನೆ ಕಟ್ಟಿದ್ದ. ಕಂತು ಕಟ್ಟುವ ಹೊತ್ತಿಗೆ ಒಂದೊಂದು ಧೂಮಕೇತು ಸಿಗುತ್ತಾ ಹೋಯಿತು, ಊರವರು ಅದನ್ನು ಧೂಮಕೇತುವಿನ ಮನೆ ಎಂದೇ ಕರೆದರು. ಗೃಹಸಾಲದ ಇಎಮ್ಐ ಹೀಗೆ ತೀರಿಸಿದವರು ಬೇರೆ ಯಾರಾದರೂ ಇದ್ದಾರೆಯೇ ಎಂದು ನನ್ನ ಹೆಂಡತಿ ಕೇಳಿದಳು. 1883ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅವನನ್ನು ಕರೆದು, ವೀಕ್ಷಣಾಲಯ ನೋಡಿಕೊಳ್ಳುತ್ತಾ ಓದಲು ಅವಕಾಶ ಕೊಟ್ಟಿತು.

ಮರುವರ್ಷ, 1884ರ ಆಗಸ್ಟ್‌ನಲ್ಲಿ, ಆರು ಇಂಚಿನ ದೂರದರ್ಶಕದಲ್ಲಿ ಧನು ರಾಶಿ ಜಾಲಾಡುವಾಗ ಆ ಮಾಸಲು ತೇಪೆ ಕಣ್ಣಿಗೆ ಬಿತ್ತು. ಹೀಗೆ ಬೆಳಕು ಹರಡಿಕೊಂಡಿರುವ ವಸ್ತುವಿಗೆ ದೊಡ್ಡ ಯಂತ್ರ, ಹೆಚ್ಚು ವರ್ಧನೆ ಎರಡೂ ಶತ್ರು. ಹಿಗ್ಗಿಸಿದಷ್ಟೂ ಬೆಳಕು ತೆಳುವಾಗಿ ಹಿನ್ನೆಲೆಯಲ್ಲಿ ಮಾಯವಾಗುತ್ತದೆ. ಕಡಿಮೆ ವರ್ಧನೆಯಲ್ಲಿ, ಅಗಲ ನೋಟದಲ್ಲಿ, ಧೂಮಕೇತು ಹುಡುಕುವವನ ಕಣ್ಣಿಗೇ ಅದು ಸಿಗಬೇಕಿತ್ತು. ನ್ಯಾಶ್‌ವಿಲ್‌ನಲ್ಲಿ ಅದು ದಿಗಂತದಿಂದ ಸುಮಾರು 39 ಡಿಗ್ರಿಗಿಂತ ಮೇಲೆ ಏರುವುದಿಲ್ಲ, ನಮ್ಮ ಡೊಂಬಿವಲಿಯಲ್ಲಿ 56 ಡಿಗ್ರಿ. ಅಷ್ಟರ ಮಟ್ಟಿಗೆ ನಾವು ಅವನಿಗಿಂತ ಪುಣ್ಯವಂತರು. ಅವನ ಆಕಾಶದ ಕತ್ತಲೆ ಮಾತ್ರ ನಮಗಿಲ್ಲ. ಮುಂಬೈ ಕಡೆಯ ಖಗೋಳಾಸಕ್ತರು ಕತ್ತಲೆಗಾಗಿ ಹೋಗುತ್ತಿದ್ದ ವಾಂಗಣಿಯೂ ಈಗ ಬೆಳಗತೊಡಗಿದೆ, ನಾನು ಒಮ್ಮೊಮ್ಮೆ ಮುರಬಾಡ್ ದಾಟಿ ಮಾಳ್ಶೇಜ್ ಘಾಟಿನ ದಿಕ್ಕಿಗೆ ಹೋಗುತ್ತೇನೆ.

1888ರಲ್ಲಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯ ಸೇರಿದ. ಅಲ್ಲಿ ಮಸೂರದ ದೂರದರ್ಶಕಗಳಲ್ಲಿ ಜಗತ್ತಿನಲ್ಲೇ ದೊಡ್ಡದಾದ 36 ಇಂಚಿನದು ಇತ್ತು, ಆದರೆ ನಿರ್ದೇಶಕ ಹೋಲ್ಡನ್ ಅದನ್ನು ಇವನ ಕೈಗೆ ಕೊಡಲಿಲ್ಲ. ಸಿಕ್ಕದ್ದನ್ನು ಹಿಡಿದುಕೊಂಡ: ಸ್ಯಾನ್ ಫ್ರಾನ್ಸಿಸ್ಕೊದ ಸ್ಟುಡಿಯೊದಲ್ಲಿ ಭಾವಚಿತ್ರ ತೆಗೆಯಲು ಬಳಸಿ ಹಳೆಯದಾಗಿದ್ದ, ಆರು ಇಂಚಿನ ವಿಲ್ಲರ್ಡ್ ಲೆನ್ಸು. 1889ರಲ್ಲಿ ಅದನ್ನು ಆಕಾಶಗಂಗೆಯ ಕಡೆಗೆ ತಿರುಗಿಸಿ ತಾಸುಗಟ್ಟಲೆ ತೆರೆದಿಟ್ಟ. ಅದುವರೆಗೆ ಯಾರೂ ನೋಡದ ನಕ್ಷತ್ರಗಳ ಮೋಡಗಳು, ಅವುಗಳ ನಡುವಿನ ಕಪ್ಪು ಹಾದಿಗಳು ಪ್ಲೇಟಿನ ಮೇಲೆ ಮೂಡಿದವು. ಭಾವಚಿತ್ರದ ಲೆನ್ಸಿಗೆ ಈ ಕೆಲಸ ಏಕೆ ಒಗ್ಗಿತೆಂದು ಅಪ್ಪನಿಗೆ ವಿವರಿಸಬೇಕಾಗಲಿಲ್ಲ. ಅಂಥ ಲೆನ್ಸು ಬೆಳಕನ್ನು ಬೇಗ ಕುಡಿಯುತ್ತದೆ, ನೋಟವೂ ಅಗಲ ಎಂದು ಅವರೇ ನನಗೆ ಹೇಳಿದರು.

1891ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆಯೊಂದು, ಬರ್ನಾರ್ಡ್ ತಾನಾಗಿಯೇ ಧೂಮಕೇತು ಹುಡುಕುವ ಯಂತ್ರ ಮಾಡಿದ್ದಾನೆ, ಅವನೀಗ ಹಾಯಾಗಿ ಮಲಗುತ್ತಾನೆ ಎಂಬ ಸುಳ್ಳು ಸುದ್ದಿ ಹಾಕಿತು. ಅವನ ನಿರಾಕರಣೆ ಅಚ್ಚಾಗಲಿಲ್ಲ, ತಪ್ಪೊಪ್ಪಿಗೆ ಬರಲು ಸುಮಾರು ಎರಡು ವರ್ಷ ಹಿಡಿಯಿತು. 1892ರಲ್ಲಿ ಕೊನೆಗೂ ವಾರಕ್ಕೊಂದು ರಾತ್ರಿ ದೊಡ್ಡ ದೂರದರ್ಶಕ ಸಿಕ್ಕಿತು. ಸೆಪ್ಟೆಂಬರ್ 9ರಂದು ಅದರಲ್ಲಿ ಗುರುವಿನ ಐದನೇ ಚಂದ್ರನನ್ನು ಕಂಡ. ಗೆಲಿಲಿಯೊ ನಾಲ್ಕನ್ನು ಕಂಡು ಆಗಲೇ 282 ವರ್ಷ ಕಳೆದಿತ್ತು. ಮರುತಿಂಗಳು, ಅಕ್ಟೋಬರ್ 12ರಂದು, ಫೋಟೊದಿಂದ ಪತ್ತೆಯಾದ ಮೊತ್ತಮೊದಲ ಧೂಮಕೇತುವೂ ಅವನದೇ ಆಯಿತು. ಅದು ಕಳೆದುಹೋಗಿ 2008ರಲ್ಲಿ ಮತ್ತೆ ಸಿಕ್ಕಿತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು ಕಟ್ಟಿದ ವೇಣು ಬಾಪು ಕೂಡ 1949ರಲ್ಲಿ ಫೋಟೊ ಪ್ಲೇಟಿನಿಂದಲೇ ಧೂಮಕೇತು ಕಂಡವರು, ಅವರ ಬಗ್ಗೆ ಇನ್ನೊಮ್ಮೆ ಬರೆದೇನು.

1895ರಲ್ಲಿ ಲಿಕ್ ಬಿಟ್ಟ ಬರ್ನಾರ್ಡ್ ಉಳಿದ ಆಯುಷ್ಯವನ್ನು ಯರ್ಕಿಸ್ ವೀಕ್ಷಣಾಲಯದ ಕೊರೆಯುವ ಚಳಿಯಲ್ಲಿ ಕಳೆದ. 1916ರಲ್ಲಿ ಆಕಾಶದಲ್ಲೇ ಅತಿ ವೇಗವಾಗಿ ಸರಿಯುವ ನಕ್ಷತ್ರ ಕಂಡ, ಅದಕ್ಕೆ ಅವನ ಹೆಸರೇ ಉಳಿಯಿತು. ಆಕಾಶಗಂಗೆಯ ಕಪ್ಪು ತೇಪೆಗಳು ನಕ್ಷತ್ರಗಳಿಲ್ಲದ ತೂತುಗಳೆಂದು ಬಹಳ ಕಾಲ ನಂಬಿದ್ದವನು, ತನ್ನದೇ ಫೋಟೊಗಳನ್ನು ನೋಡಿ ನೋಡಿ ಮನಸ್ಸು ಬದಲಿಸಿ, ಅವು ಬೆಳಕನ್ನು ಮರೆಮಾಡುವ ಮೋಡಗಳೆಂದು ಒಪ್ಪಿ 1919ರಲ್ಲಿ 182 ಮೋಡಗಳ ಪಟ್ಟಿ ಪ್ರಕಟಿಸಿದ. ನನ್ನ ಮಟ್ಟಿಗೆ ಐದನೇ ಚಂದ್ರನಿಗಿಂತ ಇದು ದೊಡ್ಡ ಕೆಲಸ.

ಅವನ ಆಕಾಶಗಂಗೆಯ ಫೋಟೊಗಳ ಸಂಪುಟಕ್ಕೆ ಅಚ್ಚುಮೊಳೆಯ ಚಿತ್ರ ಹಾಕಲು ಅವನು ಒಪ್ಪಲಿಲ್ಲ. 700 ಪ್ರತಿಗಳಿಗೂ ನಿಜವಾದ ಫೋಟೊ ಪ್ರಿಂಟುಗಳೇ ಬೇಕೆಂದ. 35 ಸಾವಿರಕ್ಕೂ ಹೆಚ್ಚು ಪ್ರಿಂಟುಗಳನ್ನು ಸ್ವತಃ ಪರೀಕ್ಷಿಸಿದ. ಸಂಪುಟ ಹೊರಬಂದದ್ದು 1927ರಲ್ಲಿ. ಅವನು 1923ರ ಫೆಬ್ರುವರಿ 6ರಂದೇ ತೀರಿಕೊಂಡಿದ್ದ, ಹೆಂಡತಿ ಅದಕ್ಕೂ ಎರಡು ವರ್ಷ ಮೊದಲು.

ಅಪ್ಪ ಕೇಳಿದ್ದು ಬೇರೆ: ತಾನು ಕಂಡ ಆ ತೇಪೆ ಏನೆಂದು ಅವನಿಗೆ ಗೊತ್ತಾಯಿತೇ? ಇಲ್ಲ. ಅವನಿಗೆ ಅದು ಒಂದು ನೀಹಾರಿಕೆ ಮಾತ್ರ. ಅವನು ಸತ್ತ ಎರಡು ವರ್ಷಕ್ಕೆ, 1925ರಲ್ಲಿ, ಎಡ್ವಿನ್ ಹಬಲ್ ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕದ ಪ್ಲೇಟುಗಳಲ್ಲಿ ಎನ್‌ಜಿಸಿ 6822ರೊಳಗೆ ಮಿನುಗುವ 11 ಸೆಫೀಡ್ ನಕ್ಷತ್ರಗಳನ್ನು ಗುರುತಿಸಿ, ಅದರ ದೂರ ಏಳು ಲಕ್ಷ ಜ್ಯೋತಿರ್ವರ್ಷವೆಂದು ಲೆಕ್ಕ ಹಾಕಿದ. ಅದು ನಮ್ಮ ಆಕಾಶಗಂಗೆಯ ಆಚೆಗಿನ ಇನ್ನೊಂದು ನಕ್ಷತ್ರಲೋಕ. ಇಂದಿನ ಲೆಕ್ಕದಲ್ಲಿ ದೂರ ಸುಮಾರು 16 ಲಕ್ಷ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಲಗಲು ಎದ್ದುಹೋದರು.

ಕಳೆದ ಅಕ್ಟೋಬರ್‌ನಲ್ಲಿ ಮೂರು ಸಂಜೆ ಆಕಾಶ ಸಿಕ್ಕಿತು. ಮೂರು ಮೂರು ನಿಮಿಷದ 80 ಫೋಟೊ, ಒಟ್ಟು ನಾಲ್ಕು ತಾಸು. ಒಂದರ ಮೇಲೊಂದು ಪೇರಿಸಿದಾಗ ಡೊಂಬಿವಲಿಯ ಕಿತ್ತಳೆ ಬೆಳಕಿನ ಅಡಿಯಿಂದ ನಕ್ಷತ್ರಗಳ ಒಂದು ಪಟ್ಟಿ ಮೇಲೆದ್ದಿತು. ಅದರ ಒಂದು ತುದಿಯಲ್ಲಿ ಹೊಸ ನಕ್ಷತ್ರಗಳು ಹುಟ್ಟುವ ಅನಿಲದ ಗುಲಾಬಿ ಚುಕ್ಕೆಗಳೂ ಇದ್ದವು. ಠಾಣೆಯಲ್ಲಿ ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ತಂದು ಅಪ್ಪನ ಕೈಗಿಟ್ಟೆ.

ಅವರು ಕಿಟಕಿಯ ಹತ್ತಿರ ಹೋಗಿ, ಚೆನ್ನಾಗಿ ಕಾಣುವ ಕಣ್ಣಿಗೆ ಅದನ್ನು ಸಮೀಪ ಹಿಡಿದು, ವಾರೆಯಾಗಿ ತಿರುಗಿಸಿ, ಬಹಳ ಹೊತ್ತು ನೋಡಿದರು. ಗ್ಯಾಲಕ್ಸಿಯ ಬಗ್ಗೆ ಏನೂ ಹೇಳಲಿಲ್ಲ. ಕೆಳಗಿನ ಎಡಮೂಲೆ ಉಳಿದ ಮೂರಕ್ಕಿಂತ ಕಪ್ಪಾಗಿದೆ, ಲೆನ್ಸಿನ ಮುಂದೆ ಏನೋ ಅಡ್ಡ ಬಂದಿರಬೇಕು, ನೋಡು ಎಂದರು. ಮೇಲೆ ಹೋಗಿ ನೋಡಿದೆ. ಇಬ್ಬನಿ ತಡೆಯಲು ನಾನೇ ಸುತ್ತಿದ್ದ ಕಪ್ಪು ಕಾಗದ ಒಂದು ಬದಿಗೆ ಜಾರಿತ್ತು.