ನೀರುಚಿಗಟದೊಳಗಿನ ಯುದ್ಧ ಕಂಡ ಮೆಚ್ನಿಕಾಫ್

ಮಕ್ಕಳೇ, ಹಾಲನ್ನು ಮೊಸರಾಗಿಸುವುದು ಬ್ಯಾಕ್ಟೀರಿಯಾ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಹೊಂಡಗಳಲ್ಲಿ ಸಾಕುವ ಸೀಗಡಿಗೂ ಇಂಥ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕೊಡುತ್ತಾರೆ, ಗೊತ್ತೇ? ಈ ವಿಚಾರಕ್ಕೆ ದಾರಿ ತೋರಿದವರಲ್ಲಿ ಮುಖ್ಯರಾದವರು ಎಲಿ ಮೆಚ್ನಿಕಾಫ್.

ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಈಗಿನ ಉಕ್ರೇನ್ ದೇಶದ ಖಾರ್ಕಿವ್ ಬಳಿ. ನಾಲ್ಕು ವರ್ಷಗಳ ಪದವಿಯನ್ನು ಅವರು ಎರಡೇ ವರ್ಷಗಳಲ್ಲಿ ಮುಗಿಸಿದರು. ಆದರೆ 1873ರಲ್ಲಿ ಅವರ ಪತ್ನಿ ಕ್ಷಯರೋಗದಿಂದ ತೀರಿಕೊಂಡರು. ರೋಗಾಣು ಹೊಕ್ಕಾಗ ದೇಹ ತನ್ನನ್ನು ಹೇಗೆ ಕಾಪಾಡಿಕೊಳ್ಳುತ್ತದೆ ಎಂಬುದು ಆಗ ಸರಿಯಾಗಿ ಯಾರಿಗೂ ತಿಳಿದಿರಲಿಲ್ಲ.

1882ರಲ್ಲಿ ಅವರು ಇಟಲಿಯ ಮೆಸ್ಸಿನಾದಲ್ಲಿದ್ದರು. ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಚಿಕ್ಕ ಮುಳ್ಳು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೈಯೊಳಗಿನ ಜೀವಕೋಶಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು!

ಮುಂದೆ ಅವರು ನೀರುಚಿಗಟವನ್ನು ಪರೀಕ್ಷಿಸಿದರು. ಇದು ಸೀಗಡಿ, ಏಡಿಗಳ ಬಳಗಕ್ಕೆ ಸೇರಿದ ಪುಟ್ಟ ಜೀವಿ. ನೀರಿನೊಂದಿಗೆ ಅದು ನುಂಗಿದ ಒಂದು ಶಿಲೀಂಧ್ರದ ಸೂಜಿಯಂಥ ಬೀಜಕಣಗಳು ಕರುಳನ್ನು ಚುಚ್ಚಿ ಮೈಯೊಳಗೆ ನುಗ್ಗುತ್ತಿದ್ದವು. ಜೀವಕೋಶಗಳು ಅವನ್ನು ನುಂಗಿ ಜೀರ್ಣಿಸಿಕೊಂಡರೆ ನೀರುಚಿಗಟ ಉಳಿಯುತ್ತಿತ್ತು, ಸೋತರೆ ಸಾಯುತ್ತಿತ್ತು. 1884ರಲ್ಲಿ ಇದನ್ನು ಪ್ರಕಟಿಸಿದಾಗ ಹಲವು ವಿಜ್ಞಾನಿಗಳು ಒಪ್ಪಲಿಲ್ಲ. ಅವರು ಎದೆಗುಂದಲಿಲ್ಲ. 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿ ಸಂಶೋಧನೆ ಮುಂದುವರಿಸಿದರು. 1908ರಲ್ಲಿ ಪಾಲ್ ಎರ್ಲಿಖ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು.

ಅವರ ಗಮನ ಕರುಳಿನ ಸೂಕ್ಷ್ಮಜೀವಿಗಳತ್ತಲೂ ಹರಿದಿತ್ತು. ಹುಳಿ ಮಾಡಿದ ಹಾಲಿನ ಬ್ಯಾಕ್ಟೀರಿಯಾ ಕೆಟ್ಟ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ಎಂದು ನಂಬಿ, ತಾವೂ ಆ ಹಾಲು ಕುಡಿಯುತ್ತಿದ್ದರು. ದೊಡ್ಡಕರುಳು ದೇಹಕ್ಕೆ ಬೇಡ ಎಂಬ ಅವರ ಮಾತು ಮಾತ್ರ ತಪ್ಪಾಗಿತ್ತು. 1916ರಲ್ಲಿ, 71ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈಗ ನಮ್ಮ ಕುಮಟಾ, ಹೊನ್ನಾವರ ಕಡೆಯ ಸೀಗಡಿ ಹೊಂಡಗಳಿಗೆ ಬನ್ನಿ. ಸೀಗಡಿಯ ರಕ್ತದಲ್ಲಿ ನಮ್ಮಲ್ಲಿರುವಂಥ ಪ್ರತಿಕಾಯಗಳಿಲ್ಲ. ಮೆಚ್ನಿಕಾಫ್ ಕಂಡಂಥ, ರೋಗಾಣುಗಳನ್ನು ನುಂಗುವ ಜೀವಕೋಶಗಳೇ ಅದರ ಮುಖ್ಯ ಕಾವಲು. ಹೊಂಡದ ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಆಹಾರದೊಂದಿಗೆ ಅದರ ಕರುಳನ್ನೂ ಸೇರುತ್ತವೆ. ತಿನ್ನದೆ ಉಳಿದ ಆಹಾರ ತಳದಲ್ಲಿ ಕೊಳೆತರೆ ವಿಬ್ರಿಯೊದಂಥ ರೋಗಕಾರಕ ಬ್ಯಾಕ್ಟೀರಿಯಾ ಹೆಚ್ಚಬಹುದು. ಆಗ ಇಡೀ ಹೊಂಡದ ಸೀಗಡಿ ಸತ್ತು ಸಾಕಿದವರು ಸಾಲದಲ್ಲಿ ಮುಳುಗಬಹುದು. ಅದಕ್ಕೇ ಹಲವೆಡೆ ಬ್ಯಾಸಿಲಸ್‌ನಂಥ ಉಪಕಾರಿ ಬ್ಯಾಕ್ಟೀರಿಯಾಗಳನ್ನು ನೀರಿಗೆ, ಆಹಾರಕ್ಕೆ ಬೆರೆಸುತ್ತಾರೆ. ಆದರೆ ಇದು ಮಂತ್ರದ ಪುಡಿಯಲ್ಲ. ನೀರು ಕೆಟ್ಟಿದ್ದರೆ, ಸೀಗಡಿಗಳು ಕಿಕ್ಕಿರಿದಿದ್ದರೆ ಇದೊಂದರಿಂದಲೇ ಉಪಯೋಗವಾಗದು.

ಶ್ರೀರಂಗಪಟ್ಟಣದ ಕಾವೇರಿ, ಕೆ.ಆರ್. ಪೇಟೆಯ ಹೇಮಾವತಿ, ಪಾಂಡವಪುರದ ತೊಣ್ಣೂರು ಕೆರೆ, ನಾಗಮಂಗಲದ ಕೆರೆಕಟ್ಟೆಗಳಲ್ಲೂ ಕರುಳು ಮತ್ತು ನೀರಿನ ಈ ನಂಟು ಇದ್ದೇ ಇದೆ. ಶಿಕ್ಷಕರ ಜೊತೆ ಹೋಗಿ ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ತನ್ನಿ, ಬೂದುಗಾಜಿನಿಂದ ನೋಡಿ. ಕುಪ್ಪಳಿಸುತ್ತಾ ಈಜುವ ಚುಕ್ಕೆಗಳು ಕಂಡರೆ ಅವು ನೀರುಚಿಗಟಗಳಿರಬಹುದು. ನೋಡಿದ ಮೇಲೆ ಸೋಪು ಹಾಕಿ ಕೈ ತೊಳೆಯಲು ಮರೆಯಬೇಡಿ!