ಇಂಗ್ಲಿಷ್ ಮೇಷ್ಟ್ರು ಕಟ್ಟಿದ ಕನ್ನಡ

ಬಿ.ಎಂ. ಶ್ರೀಕಂಠಯ್ಯ ನಮಗೆ ಪಠ್ಯಪುಸ್ತಕದ ‘ಕನ್ನಡದ ಕಣ್ವ’. ಅವರು ಸಂಬಳಕ್ಕೆ ಕಲಿಸಿದ್ದು ಇಂಗ್ಲಿಷ್ ಎಂಬುದು ಹಲವರಿಗೆ ನೆನಪಿರುವುದಿಲ್ಲ.

ನಮ್ಮ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರ ಜನವರಿ 3ರಂದು ಅವರ ಜನನ. ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರುಗಳಲ್ಲಿ ಓದಿ, ಮದರಾಸಿನಿಂದ ಕಾನೂನು ಮತ್ತು ಎಂ.ಎ. ಪದವಿ ಪಡೆದು, 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಆಗ ಇಂಗ್ಲಿಷ್ ಬಂದವರಿಗಷ್ಟೇ ಕೆಲಸ, ಮರ್ಯಾದೆ. ಕನ್ನಡದಲ್ಲಿ ಎಂ.ಎ. ಓದುವ ಅವಕಾಶವೇ ಇರಲಿಲ್ಲ. ಇಂಥ ಹೊತ್ತಿನಲ್ಲಿ, 1911ರಲ್ಲಿ, ಈ ಇಂಗ್ಲಿಷ್ ಮೇಷ್ಟ್ರು ಧಾರವಾಡಕ್ಕೆ ಹೋಗಿ ಕನ್ನಡ ತಲೆಯೆತ್ತುವ ದಾರಿಯ ಬಗ್ಗೆ ಭಾಷಣ ಮಾಡಿದರು.

ಮಾತಿಗೇ ನಿಲ್ಲಲಿಲ್ಲ. ತಾವು ಮೆಚ್ಚಿದ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದರು. ಪದಕ್ಕೆ ಪದ ಜೋಡಿಸಲಿಲ್ಲ. ಭಾವ ಹಿಡಿದು, ಹಳೆಯ ಪ್ರಾಸದ ಕಟ್ಟು ಸಡಿಲಿಸಿ ಹೊಸ ಲಯ ಕಟ್ಟಿದರು. 1926ರ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕಾವ್ಯಕ್ಕೆ ದಾರಿಯಾಯಿತು. ಶಾಲೆಯಲ್ಲಿ ನಾವು ಕೈಮುಗಿದು ಹಾಡಿದ ಬೆಳಕಿನ ಪ್ರಾರ್ಥನೆ ಮೂಲದಲ್ಲಿ ನ್ಯೂಮನ್ ಎಂಬ ಆಂಗ್ಲ ಪಾದ್ರಿಯದು ಎಂದು ಹೇಳಿದರೆ ಈಗಲೂ ಗೆಳೆಯರು ನಂಬುವುದಿಲ್ಲ.

1927ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಶುರುವಾಗುವುದರ ಹಿಂದೆ ಅವರ ಶ್ರಮವಿತ್ತು. ಮೊದಲ ತಂಡದಲ್ಲಿ ಕುವೆಂಪು ಇದ್ದರು. ಮರುವರ್ಷ ಶ್ರೀಕಂಠಯ್ಯ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನಿವೃತ್ತಿಯ ಬಳಿಕ ಧಾರವಾಡದಲ್ಲಿ ಪ್ರಾಂಶುಪಾಲರಾಗಿದ್ದಾಗ, 1946ರ ಜನವರಿ 5ರಂದು ತೀರಿಕೊಂಡರು.

ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿಗೆ ಓದಲು ಬರುವ ಕನ್ನಡ ಮಾಧ್ಯಮದವರಿಗೆ ಈ ಬದುಕು ಬೇಕು. ವಿದೇಶದಲ್ಲಿ ಎಂ.ಎಸ್. ಮಾಡುವ ಆಸೆಯ ಗೆಳೆಯನೊಬ್ಬನಿಗೆ ಐಇಎಲ್‌ಟಿಎಸ್‌ಗೆ ನಾನು ಸಹಾಯ ಮಾಡುತ್ತಿದ್ದೇನೆ. ಮಾತಿನ ಪರೀಕ್ಷೆಯಲ್ಲಿ ವಿಷಯದ ಚೀಟಿ ಕೊಟ್ಟು, ಯೋಚಿಸಲು ಒಂದು ನಿಮಿಷ, ಮಾತಾಡಲು ಎರಡು ನಿಮಿಷ ಕೊಡುತ್ತಾರೆ. ಅವನಿಗೆ ವ್ಯಾಕರಣ ಬರುತ್ತದೆ. ಹೇಳಲು ಏನೂ ಹೊಳೆಯುವುದಿಲ್ಲ. ಅದನ್ನೇ ಕನ್ನಡದಲ್ಲಿ ಕೇಳಿದರೆ ಊರಿನ ಕೆರೆ, ಜಾತ್ರೆ, ಅಜ್ಜಿ ಎಲ್ಲ ಬರುತ್ತವೆ. ಹಾಗಾಗಿ ಮನೆಯ ಅಭ್ಯಾಸದಲ್ಲಿ ಮೊದಲು ಕನ್ನಡದಲ್ಲಿ ಹೇಳಿಸುತ್ತೇನೆ. ಆಮೇಲೆ ಪದಗಳನ್ನು ಬಿಟ್ಟು, ಅರ್ಥವನ್ನಷ್ಟೇ ಇಟ್ಟುಕೊಂಡು ಇಂಗ್ಲಿಷ್‌ನಲ್ಲಿ ಹೇಳು ಎನ್ನುತ್ತೇನೆ. ಈಗ ಅವನ ಎರಡು ನಿಮಿಷ ತುಂಬುತ್ತಿದೆ.

ಇಂಗ್ಲಿಷ್ ಬರಬೇಕಾದರೆ ಕನ್ನಡ ಮರೆಯಬೇಕು ಎಂದು ನಮಗೆ ಹೇಳುವವರು ಬಹಳ. ಸಂಪಿಗೆಯಲ್ಲಿ ಹುಟ್ಟಿದ ಇಂಗ್ಲಿಷ್ ಪ್ರೊಫೆಸರ್ ಎರಡನ್ನೂ ಉಳಿಸಿಕೊಂಡೇ ದೊಡ್ಡವರಾದರು.