ಮುಖ ನೋಡಿ ತೀರ್ಪು ಕೊಡದ ವಿಜ್ಞಾನೇಶ್ವರ

ಬೋಧನಾಭ್ಯಾಸಕ್ಕೆ ನನ್ನನ್ನು ಹುಮನಾಬಾದದ ಒಂದು ಪ್ರೌಢಶಾಲೆಗೆ ನಿಯೋಜಿಸಿದ್ದರು. ಮನೆ ಬಸವಕಲ್ಯಾಣದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು, ಸಸ್ತಾಪುರ ಬಂಗ್ಲಾ, ರಾಜೇಶ್ವರ ದಾಟಿ ಹೋಗಬೇಕು. ಒಂಬತ್ತನೆಯ ತರಗತಿಗೆ ಗಣಿತ ನನ್ನದು. ಮೂರನೆಯ ವಾರ ಒಬ್ಬ ಹುಡುಗಿ ತನ್ನ ಕಂಪಾಸ್ ಪೆಟ್ಟಿಗೆಯಲ್ಲಿಟ್ಟಿದ್ದ ಇನ್ನೂರು ರೂಪಾಯಿ ಕಾಣುತ್ತಿಲ್ಲ ಎಂದು ಅಳತೊಡಗಿದಳು. ತರಗತಿಯ ಕಣ್ಣೆಲ್ಲ ಹಿಂದಿನ ಬೆಂಚಿನ ಒಬ್ಬ ಹುಡುಗನ ಕಡೆ ತಿರುಗಿತು. ಅವನನ್ನು ನಿಲ್ಲಿಸಿದೆ. ಹಣೆಯಲ್ಲಿ ಬೆವರು, ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತಿದ್ದ, ಮಾತು ತೊದಲುತ್ತಿತ್ತು. ನನಗೆ ಅಷ್ಟೇ ಸಾಕಾಯಿತು. ಎಲ್ಲರ ಮುಂದೆ ಅವನ ಚೀಲ ಸುರಿಸಿದೆ. ಏನೂ ಸಿಗಲಿಲ್ಲ. ಸಿಗದಿದ್ದರೂ ಅವನೇ ಎಲ್ಲೋ ಅಡಗಿಸಿದ್ದಾನೆ ಎಂದುಕೊಂಡೇ ಗಂಟೆ ಮುಗಿಸಿದೆ. ಮರುದಿನ ಆ ಹುಡುಗಿ ಬಂದು, ದುಡ್ಡು ಮನೆಯಲ್ಲೇ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇತ್ತೆಂದು ಹೇಳಿದಳು. ಹುಡುಗ ಅವತ್ತು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಕಾಲೇಜಿನ ಅನುಭವ ಹಂಚಿಕೆಯಲ್ಲಿ ಇದನ್ನು ಹೇಳಿಕೊಂಡೆ. ನಮ್ಮ ಉಪನ್ಯಾಸಕರು ಬೈಯಲಿಲ್ಲ. ಈ ಸಲದ ವ್ಯಕ್ತಿಚಿತ್ರಕ್ಕೆ ನಿಮ್ಮ ಊರಿನ ವಿಜ್ಞಾನೇಶ್ವರನನ್ನೇ ತೆಗೆದುಕೊಳ್ಳಿ, ವ್ಯವಹಾರಾಧ್ಯಾಯ ಓದಿಯೇ ಬರೆಯಿರಿ ಎಂದರು. ನಾನು ರಾಮಾನುಜನ್ ಬಗ್ಗೆ ಬರೆಯಬೇಕೆಂದು ಟಿಪ್ಪಣಿ ಮಾಡಿಟ್ಟುಕೊಂಡಿದ್ದೆ. ವಿಜ್ಞಾನೇಶ್ವರ ಎಂದರೆ ನನಗೆ ಗೊತ್ತಿದ್ದದ್ದು ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಪ್ರಶ್ನೆ ಮಾತ್ರ: ಮಿತಾಕ್ಷರಾ ಬರೆದವರು ಯಾರು?

ಆತ ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದವನು. 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದ ಅರಸ ಅವನು. ಪಟ್ಟವೇರಿದಾಗ ತನ್ನದೇ ಹೆಸರಿನ ಶಕೆಯನ್ನು ಆರಂಭಿಸಿದ. ಅವನ ತಂದೆ ಒಂದನೆಯ ಸೋಮೇಶ್ವರನ ಕಾಲದಲ್ಲಿ ರಾಜಧಾನಿ ಮಾನ್ಯಖೇಟದಿಂದ ಕಲ್ಯಾಣಕ್ಕೆ ಬಂದಿತ್ತು. ದೂರದ ಕಾಶ್ಮೀರದಿಂದ ಬಂದ ಬಿಲ್ಹಣ ಕವಿ ಇದೇ ಆಸ್ಥಾನದಲ್ಲಿದ್ದು ಅರಸನ ಮೇಲೆ ಕಾವ್ಯ ಬರೆದ. ಈಗ ನಾವು ಸಂಜೆ ತಿರುಗಾಡಲು ಹೋಗುವ ತ್ರಿಪುರಾಂತ ಕೆರೆಯ ಊರು ಆಗ ದಖ್ಖನಿನ ಬಹುಭಾಗಕ್ಕೆ ತೀರ್ಪು ಹೇಳುವ ಊರಾಗಿತ್ತು ಎಂಬುದು ನನಗೆ ಇಂದಿಗೂ ಸುಲಭವಾಗಿ ಮನಸ್ಸಿಗೆ ಹಿಡಿಯುವುದಿಲ್ಲ.

ವಿಜ್ಞಾನೇಶ್ವರ ತನ್ನ ಬಗ್ಗೆ ಹೇಳಿಕೊಂಡಿರುವುದು ಕೆಲವೇ ಸಾಲು. ಭಾರದ್ವಾಜ ಗೋತ್ರದ ಪದ್ಮನಾಭ ಭಟ್ಟನ ಮಗ, ಉತ್ತಮ ಎಂಬ ಗುರುವಿನ ಶಿಷ್ಯ, ಸಂನ್ಯಾಸಿ. ಕಲಬುರಗಿ ಜಿಲ್ಲೆಯ ಮರತೂರಿನೊಂದಿಗೆ ಆತನ ಹೆಸರು ಸೇರಿಕೊಂಡಿದೆ. ಗ್ರಂಥದ ಕೊನೆಯಲ್ಲಿ ಕಲ್ಯಾಣದಂಥ ಪಟ್ಟಣ, ವಿಕ್ರಮನಂಥ ಅರಸ, ತನ್ನಂಥ ಪಂಡಿತ ಬೇರೆ ಇಲ್ಲವೆಂದು ಹಾಡಿಕೊಂಡಿದ್ದಾನೆ. ಸಂನ್ಯಾಸಿಗೆ ಇಷ್ಟು ಹೆಮ್ಮೆಯೇ ಎಂದು ನನಗೆ ನಗು ಬಂತು. ಆದರೆ ಗ್ರಂಥದ ಆರಂಭದಲ್ಲಿ ಅವನ ದನಿಯೇ ಬೇರೆ. ಯಾಜ್ಞವಲ್ಕ್ಯ ಸ್ಮೃತಿಗೆ ತನಗಿಂತ ಮೊದಲು ವಿಶ್ವರೂಪ ಎಂಬವನು ಬರೆದ ವ್ಯಾಖ್ಯಾನ ವಿಸ್ತಾರವೂ ಕಠಿಣವೂ ಆಗಿದೆ; ಕಲಿಯುವವರಿಗೆ ತಿಳಿಯಲೆಂದು ನೇರವಾದ, ಮಿತವಾದ ಅಕ್ಷರಗಳಲ್ಲಿ ತಾನು ವಿವರಿಸುತ್ತೇನೆ ಎನ್ನುತ್ತಾನೆ. ಮಿತಾಕ್ಷರಾ ಎಂಬ ಹೆಸರು ಬಂದದ್ದು ಹೀಗೆ. ನಮ್ಮ ಪಾಠಯೋಜನೆಯ ಮೊದಲ ಕಲಂನಲ್ಲಿ ನಾವು ಬರೆಯುವ ಉದ್ದೇಶಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಸ್ಮೃತಿಯಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯ. ವ್ಯವಹಾರ ಎಂದರೆ ಇಲ್ಲಿ ನ್ಯಾಯದ ವಿಚಾರಣೆ. ಇಬ್ಬರು ಜಗಳವಾಡುತ್ತ ಬರುತ್ತಾರೆ. ನಡೆದದ್ದನ್ನು ನ್ಯಾಯಾಧಿಕಾರಿ ಕಣ್ಣಾರೆ ಕಂಡಿಲ್ಲ. ಆದರೂ ಇವತ್ತೋ ನಾಳೆಯೋ ಏನಾದರೊಂದು ಹೇಳಲೇಬೇಕು. ಗೊತ್ತಿರುವುದು ಸ್ವಲ್ಪ, ನಿರ್ಧಾರ ಮಾತ್ರ ಪೂರ್ತಿ. ವಿಜ್ಞಾನೇಶ್ವರನ ಬುದ್ಧಿಯೆಲ್ಲ ಕೆಲಸ ಮಾಡಿರುವುದು ಈ ಇಕ್ಕಟ್ಟಿನ ಮೇಲೆ.

ವಿಚಾರಣೆಗೆ ನಾಲ್ಕು ಪಾದ ಎನ್ನುತ್ತಾನೆ. ಮೊದಲು ವಾದಿಯ ದೂರು, ಆಮೇಲೆ ಪ್ರತಿವಾದಿಯ ಉತ್ತರ, ಮೂರನೆಯದು ಪುರಾವೆ, ಕೊನೆಗೆ ನಿರ್ಣಯ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುವಂತಿಲ್ಲ. ಉತ್ತರದಲ್ಲೂ ನಾಲ್ಕು ಬಗೆ: ಒಪ್ಪಿಕೊಳ್ಳುವುದು, ಇಲ್ಲವೆನ್ನುವುದು, ಹೌದು ಆದರೆ ಇಂಥ ಕಾರಣವಿದೆ ಎನ್ನುವುದು, ಇದು ಹಿಂದೆಯೇ ತೀರ್ಮಾನವಾಗಿದೆ ಎನ್ನುವುದು. ಸಾಲ ತೆಗೆದುಕೊಂಡೇ ಇಲ್ಲ ಎಂದರೆ ಪುರಾವೆ ಕೊಡಬೇಕಾದವನು ಸಾಲ ಕೊಟ್ಟೆ ಎಂದವನು. ತೆಗೆದುಕೊಂಡಿದ್ದೆ, ತೀರಿಸಿದ್ದೇನೆ ಎಂದರೆ ತೀರಿಸಿದವನು. ಆಗದೇ ಇದ್ದದ್ದನ್ನು ಆಗಿಲ್ಲವೆಂದು ಸಾಬೀತು ಮಾಡುವಂತೆ ಯಾರನ್ನೂ ಕೇಳಲಾಗದು. ನಾನು ಆ ಹುಡುಗನನ್ನು ಕೇಳಿದ್ದು ಅದನ್ನೇ. ಚೀಲ ಸುರಿದು ನೀನು ಕದ್ದಿಲ್ಲವೆಂದು ತೋರಿಸು ಎಂದು.

ಪುರಾವೆಗಳು ಮೂರು: ಬರಹ, ಅನುಭೋಗ, ಸಾಕ್ಷಿ. ಇವು ಯಾವುವೂ ಇಲ್ಲದಾಗ ಮಾತ್ರ ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂಬ ದಿವ್ಯಗಳು. ವಿವಾದದ ಒಂದು ಭಾಗಕ್ಕಾದರೂ ಮನುಷ್ಯರ ಪುರಾವೆ ಸಿಗುವಂತಿದ್ದರೆ ಇಡೀ ವಿವಾದವನ್ನು ತೀರಿಸುವ ದಿವ್ಯಕ್ಕಿಂತ ಅದೇ ಮೇಲು ಎಂಬ ಕಾತ್ಯಾಯನನ ನಿಲುವನ್ನು ಆತ ಎತ್ತಿ ಹಿಡಿಯುತ್ತಾನೆ. ಅನುಭೋಗದ ವಿಷಯದಲ್ಲೂ ಹೀಗೇ ನಿಧಾನ. ಕಣ್ಣೆದುರಿಗೇ ಇನ್ನೊಬ್ಬ ಇಪ್ಪತ್ತು ವರ್ಷ ಹೊಲ ಉಂಡರೂ ಒಡೆಯ ತಕರಾರು ಮಾಡಲಿಲ್ಲವೆಂದರೆ ಹೊಲವೇ ಹೋಯಿತು ಎಂಬಂತೆ ಓದಬಹುದಾದ ಶ್ಲೋಕವೊಂದಿದೆ. ವಿಜ್ಞಾನೇಶ್ವರ ಅಲ್ಲಿ ತಡೆದು, ಹೋಗುವುದು ಆ ವರ್ಷಗಳ ಬೆಳೆ ಮಾತ್ರ, ಹೊಲವಲ್ಲ ಎಂದು ವಾದಿಸುತ್ತಾನೆ. ಸುಮ್ಮನಿದ್ದದ್ದರಿಂದ ಇಷ್ಟು ತಿಳಿಯಬಹುದು, ಇದಕ್ಕಿಂತ ಹೆಚ್ಚು ತಿಳಿಯಬಾರದು ಎಂಬ ಲೆಕ್ಕ.

ಇನ್ನು ಮುಖದ ವಿಷಯ. ಸುಳ್ಳುಗಾರನ ಲಕ್ಷಣಗಳೆಂದು ಯಾಜ್ಞವಲ್ಕ್ಯ ಒಂದು ಪಟ್ಟಿ ಕೊಟ್ಟಿದ್ದಾನೆ: ನಿಂತಲ್ಲಿ ನಿಲ್ಲದಿರುವುದು, ತುಟಿಯಂಚು ನೆಕ್ಕುವುದು, ಹಣೆ ಬೆವರುವುದು, ಮುಖದ ಬಣ್ಣ ಬದಲಾಗುವುದು, ಮಾತು ತಡವರಿಸುವುದು. ಓದುತ್ತಿದ್ದಂತೆ ನನಗೆ ಮೈ ಜುಮ್ಮೆಂದಿತು. ನಾನು ಅಂದು ಕಂಡದ್ದೆಲ್ಲ ಅಲ್ಲಿತ್ತು. ಆದರೆ ವ್ಯಾಖ್ಯಾನ ಶ್ಲೋಕದಷ್ಟಕ್ಕೇ ನಿಲ್ಲುವುದಿಲ್ಲ. ಇವುಗಳಿಂದ ದೋಷ ಇರಬಹುದು ಎಂದು ಊಹಿಸಬಹುದೇ ಹೊರತು ನಿಶ್ಚಯಿಸಲಾಗದು, ಏಕೆಂದರೆ ಹುಟ್ಟಿನಿಂದಲೇ ಬಂದ ವಿಕಾರ ಯಾವುದು, ಈಗಿನ ಕಾರಣದಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ ಎನ್ನುತ್ತಾನೆ. ಬೇರ್ಪಡಿಸಬಲ್ಲ ಜಾಣ ಸಿಕ್ಕನೆನ್ನಿ, ಆಗಲೂ ಅಷ್ಟರಿಂದಲೇ ಒಬ್ಬ ಸೋತನೆನ್ನುವಂತಿಲ್ಲ. ಸಾಯುವ ಲಕ್ಷಣ ಕಂಡಿತೆಂದು ಬದುಕಿರುವವನಿಗೆ ಯಾರೂ ಅಂತ್ಯಕ್ರಿಯೆ ಮಾಡುವುದಿಲ್ಲವಲ್ಲ ಎಂಬುದು ಅವನ ಹೋಲಿಕೆ.

ಗಣಿತದವಳಾದ್ದರಿಂದ ಇದನ್ನು ಲೆಕ್ಕಕ್ಕೆ ಇಳಿಸಿ ನೋಡಿದೆ. ತರಗತಿಯಲ್ಲಿ 40 ಮಕ್ಕಳು, ಕದ್ದವನು ಒಬ್ಬ ಎಂದುಕೊಳ್ಳೋಣ. ಕದ್ದವನನ್ನು ನಿಲ್ಲಿಸಿದರೆ ಬೆವರುವುದು ಖಚಿತ. ಕದಿಯದವರಲ್ಲಿ ಹತ್ತಕ್ಕೆ ಮೂವರು ಹೆದರಿಕೆಯಿಂದಲೇ ಬೆವರುತ್ತಾರೆ ಎನ್ನೋಣ. 39ರಲ್ಲಿ ಅಂಥವರು ಸುಮಾರು 12. ಬೆವರುವವರು ಒಟ್ಟು 13, ಅವರಲ್ಲಿ ಕಳ್ಳ ಒಬ್ಬ. ಬೆವರಿನಿಂದ ಸಂಭವನೀಯತೆ 40ಕ್ಕೆ 1 ಇದ್ದದ್ದು 13ಕ್ಕೆ 1 ಆಗುತ್ತದೆ. ಶಂಕೆ ಹೆಚ್ಚಾಯಿತು, ನಿಜ. ತೀರ್ಪಿಗೆ ಎಷ್ಟೋ ದೂರ ಉಳಿಯಿತು. ಕಳ್ಳನೇ ಇಲ್ಲದ ನಮ್ಮ ತರಗತಿಯಂಥದ್ದರಲ್ಲಿ ಬೆವರಿದ ಎಲ್ಲರೂ ನಿರಪರಾಧಿಗಳೇ.

ಸಾಕ್ಷಿಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಬಹುಮತ ಎಂದು ಸ್ಮೃತಿ ಹೇಳುತ್ತದೆ. ಒಂದು ಕಡೆ ಗುಣವಂತರು ಕೆಲವರೇ, ಇನ್ನೊಂದು ಕಡೆ ಸಾಮಾನ್ಯರು ಹಲವರು ಇದ್ದರೆ ಆ ಕೆಲವರ ಮಾತನ್ನೇ ಹಿಡಿಯಬೇಕೆಂದು ವಿಜ್ಞಾನೇಶ್ವರ ಸೇರಿಸುತ್ತಾನೆ. ಮೂವತ್ತೊಂಬತ್ತು ಜೋಡಿ ಕಣ್ಣು ಒಂದೇ ಕಡೆ ತಿರುಗಿದ್ದನ್ನು ನಾನು ಮೂವತ್ತೊಂಬತ್ತು ಸಾಕ್ಷಿ ಎಂದು ತಿಳಿದಿದ್ದೆ. ಅವರಲ್ಲಿ ಯಾರೂ ಏನನ್ನೂ ಕಂಡಿರಲಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ ತೀರ್ಪು ತಪ್ಪಬಹುದು. ಅದಕ್ಕೂ ಆತನಲ್ಲಿ ಉತ್ತರವಿದೆ. ಕ್ರಮ ತಪ್ಪದೆ ತರ್ಕದಿಂದ ನಿರ್ಣಯಿಸಿದ ಮೇಲೆ ನಿಜಸ್ಥಿತಿ ಬೇರೆ ಎಂದು ಗೊತ್ತಾದರೂ ವಿಚಾರಣೆ ಮಾಡಿದವರಿಗೆ ದೋಷವಿಲ್ಲ ಎನ್ನುತ್ತಾನೆ; ಅದಕ್ಕೆ ಆಧಾರವಾಗಿ ತೆಗೆದುಕೊಳ್ಳುವ ಗೌತಮನ ಸೂತ್ರದಲ್ಲಿ ಅರಸ, ಆಚಾರ್ಯ ಇಬ್ಬರೂ ನಿಂದೆಗೆ ಹೊರಗು. ಆಚಾರ್ಯ ಎಂಬ ಪದದ ಮೇಲೆ ನನ್ನ ಬೆರಳು ತುಸು ಹೊತ್ತು ನಿಂತಿತು. ಸಮಾಧಾನ ಸಿಕ್ಕಿತೇನೋ ಎಂದುಕೊಂಡೆ. ಸಿಗಲಿಲ್ಲ. ಆ ಮಾತು ನಾಲ್ಕೂ ಪಾದ ನಡೆದವರಿಗೆ. ನಾನು ಎರಡನೆಯ ಪಾದವನ್ನೇ, ಅಂದರೆ ಹುಡುಗನ ಉತ್ತರವನ್ನೇ, ಕೇಳಿರಲಿಲ್ಲ. ರಾಗ, ಲೋಭ, ಭಯಗಳಿಂದ ತೀರ್ಪು ಕೆಡಿಸಿದ ಸಭ್ಯರಿಗೆ ಇಮ್ಮಡಿ ದಂಡ ಎಂಬ ವಿಧಿಯೂ ಇದೆ. ಆ ಇಮ್ಮಡಿ ಅಜ್ಞಾನದಿಂದ ತಪ್ಪಿದವರಿಗಲ್ಲ ಎಂದು ಆತ ಬಿಡಿಸಿ ಹೇಳುತ್ತಾನೆ. ನನ್ನದು ಅಜ್ಞಾನವೋ, ವೀಕ್ಷಕರು ಬರುವ ಮೊದಲು ತರಗತಿ ಶಾಂತವಾಗಬೇಕೆಂಬ ಭಯವೋ? ಭಯವೇ ಇರಬೇಕು.

ಈ ಪುಸ್ತಕವನ್ನು ಹೊಗಳುತ್ತಲೇ ಹೋಗಲಾರೆ. ದಿವ್ಯವಾಗಲಿ ದಂಡವಾಗಲಿ ಅಲ್ಲಿ ವರ್ಣ ನೋಡಿ ಬದಲಾಗುತ್ತದೆ. ಮುಖ ನೋಡಿ ತೀರ್ಪು ಬೇಡ ಎಂದವನು ಹುಟ್ಟು ನೋಡಿ ಕೊಡುವುದನ್ನು ಪ್ರಶ್ನಿಸಲಿಲ್ಲ. ವಿಕ್ರಮಾದಿತ್ಯ ತೀರಿದ ಕೆಲವೇ ದಶಕಗಳಲ್ಲಿ, ಬಿಜ್ಜಳನ ಕಾಲಕ್ಕೆ, ಇದೇ ಕಲ್ಯಾಣದಲ್ಲಿ ಬಸವಾದಿ ಶರಣರು ಅದನ್ನೇ ಕೇಳಿದರು.

ಮುಂದೆ ಮಿತಾಕ್ಷರಾ ಹೆಸರಾದದ್ದು ಆಸ್ತಿ ಹಂಚಿಕೆಗೆ. 1810ರಲ್ಲಿ ಕೋಲ್‌ಬ್ರೂಕ್ ಕಲ್ಕತ್ತೆಯಲ್ಲಿ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ. ಬಂಗಾಳದ ಕಡೆ ಜೀಮೂತವಾಹನನ ದಾಯಭಾಗ ಗ್ರಂಥ, ಉಳಿದ ಬಹುತೇಕ ಕಡೆ ಮಿತಾಕ್ಷರಾ ಎಂದು ಬ್ರಿಟಿಷ್ ನ್ಯಾಯಾಲಯಗಳು ನಡೆದವು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅದರ ತತ್ವ 1956ರ ಕಾಯ್ದೆಯ ನಂತರವೂ ಉಳಿಯಿತು. ಅದೇ ಹಕ್ಕು ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ವ್ಯವಹಾರಾಧ್ಯಾಯದ ಪುರಾವೆಯ ಪುಟಗಳನ್ನು ಮಾತ್ರ ಜನ ಅಷ್ಟಾಗಿ ನೆನೆಯುವುದಿಲ್ಲ.

ಅದೇ ಅಧ್ಯಾಯದ ಕೊನೆಯ ಭಾಗದಲ್ಲಿ, ಕೆಟ್ಟದಾಗಿ ತೀರ್ಮಾನವಾದ ವ್ಯಾಜ್ಯವನ್ನು ಅರಸ ಮತ್ತೆ ತೆರೆದು ನೋಡಬೇಕು ಎಂಬ ವಿಧಿಯಿದೆ. ಹುಡುಗ ಮೂರನೆಯ ದಿನ ಬಂದ. ಅವನನ್ನು ಸಿಬ್ಬಂದಿ ಕೋಣೆಗೆ ಕರೆದು ಮಾತಾಡಿಸೋಣ ಎಂದುಕೊಂಡಿದ್ದೆ. ಚೀಲ ಸುರಿದದ್ದು ತರಗತಿಯಲ್ಲಲ್ಲವೇ ಎಂದು ಅಲ್ಲೇ, ಎಲ್ಲರ ಮುಂದೆ, ತಪ್ಪು ನನ್ನದು ಎಂದೆ. ಅವನು ತಲೆ ಎತ್ತಲಿಲ್ಲ. ಆ ವಾರದ ಕೊನೆಯಲ್ಲಿ ಸಂಭವನೀಯತೆಯ ಪಾಠಕ್ಕೆ 40 ಮಕ್ಕಳ ಲೆಕ್ಕವನ್ನು ಕಳ್ಳತನದ ಬದಲು ಜ್ವರಕ್ಕೆ ಹೊಂದಿಸಿ ಹಲಗೆಯ ಮೇಲೆ ಬರೆದೆ. ಅವನ ನೋಟ್‌ಬುಕ್ಕಿನಲ್ಲಿ 13ಕ್ಕೆ 1 ಎಂಬ ಉತ್ತರ ಸರಿಯಾಗಿತ್ತು. ನನ್ನ ಬೋಧನಾಭ್ಯಾಸ ಮುಗಿಯುವವರೆಗೆ ಅವನು ತರಗತಿಯಲ್ಲಿ ಒಮ್ಮೆಯೂ ಕೈ ಎತ್ತಲಿಲ್ಲ.